ಅರ್ಧ ಅಂಕಣ, ಪೂರ್ಣ ಆಟ

ಜೋಡೆತ್ತು ಕೊಳ್ಳಲು ಸಂತೆಗೆ ಹೋದ ರೈತ ಒಂದು ಎತ್ತನ್ನು ಮಾತ್ರ ನೋಡಿ ವ್ಯಾಪಾರ ಮುಗಿಸುವುದಿಲ್ಲ. ಬಾಗಲಕೋಟೆ ಸೀಮೆಯ ತುಳಸಿಗೇರಿಯಂಥ ಊರಿನಲ್ಲಿ ಈ ಮಾತನ್ನು ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ. ಒಂದು ಎಷ್ಟೇ ಕಸುವುಳ್ಳದ್ದಾಗಿರಲಿ, ಇನ್ನೊಂದರ ನಡಿಗೆ ಅದಕ್ಕೆ ಹೊಂದದಿದ್ದರೆ ಸಾಲು ಸೊಟ್ಟಗಾಗುತ್ತದೆ. ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯಿತು ಎಂಬ ಗಾದೆ ಹುಟ್ಟಿದ್ದೇ ಇಂಥ ಅನುಭವದಿಂದ. ಹನುಮಪ್ಪನ ಗುಡಿಯ ಕಟ್ಟೆಯ ಮೇಲೆ ಕುಳಿತ ಹಿರಿಯರನ್ನು ಕೇಳಿದರೆ, ಒಳ್ಳೆಯ ಎತ್ತು ಸಿಕ್ಕೀತು, ಒಳ್ಳೆಯ ಜೋಡಿ ಸಿಗುವುದು ಕಷ್ಟ ಎಂದಾರು.

ಆದರೆ ಮಕ್ಕಳ ಓದು, ಆಟಗಳ ಮಾತು ಬಂದಾಗ ಈ ತಿಳಿವಳಿಕೆ ಹಿಂದೆ ಸರಿಯುತ್ತದೆ. ತರಗತಿಗೆ ಮೊದಲಿಗರು ಯಾರು, ಓಟದಲ್ಲಿ ಗೆರೆ ಮೊದಲು ಮುಟ್ಟಿದವರು ಯಾರು ಎಂಬುದಷ್ಟೇ ಲೆಕ್ಕಕ್ಕೆ ಬರುತ್ತದೆ. ಷಟಲ್ ಬ್ಯಾಡ್ಮಿಂಟನ್‌ನಲ್ಲಿಯೂ ಹಾಗೆಯೇ. ಸೈನಾ ನೆಹ್ವಾಲ್, ಪಿ.ವಿ. ಸಿಂಧು ಅವರ ಹೆಸರು ಕೇಳದ ಶಾಲಾ ಮಕ್ಕಳು ಕಡಿಮೆ. ಇಬ್ಬರೂ ಸಿಂಗಲ್ಸ್ ಆಟದಿಂದ ಹೆಸರಾದವರು. ತರಬೇತುದಾರರು ‘ನಿಮ್ಮ ಮಗಳು ಡಬಲ್ಸ್ ಆಟಕ್ಕೆ ಹೇಳಿ ಮಾಡಿಸಿದಂತಿದ್ದಾಳೆ’ ಎಂದರೆ ಎಷ್ಟೋ ಪಾಲಕರ ಮುಖ ಬಾಡುತ್ತದೆ. ಸಿಂಗಲ್ಸ್ ಕೈಗೂಡದವರಿಗೆ ಡಬಲ್ಸ್ ಎಂಬುದು ಬಹುಕಾಲದಿಂದ ಬೇರೂರಿರುವ ಭಾವನೆ.

ಈ ಭಾವನೆ ಎಷ್ಟು ಸರಿ? ಇದಕ್ಕೆ ಉತ್ತರ ಬೇಕಿದ್ದರೆ ಕರ್ನಾಟಕದ ಅಶ್ವಿನಿ ಪೊನ್ನಪ್ಪ ಅವರ ಆಟದ ಬದುಕನ್ನು ನೋಡಬೇಕು. ಮೂರು ಒಲಿಂಪಿಕ್ಸ್‌ಗಳಲ್ಲಿ ಆಡಿಯೂ ಅವರಿಗೆ ಒಲಿಂಪಿಕ್ ಪದಕ ದಕ್ಕಲಿಲ್ಲ. ಸಿಂಗಲ್ಸ್‌ನಲ್ಲಿ ಅವರ ಹೆಸರು ದೊಡ್ಡದಾಗಿ ಕೇಳಿಬಂದಿಲ್ಲ. ಆದರೂ ಭಾರತದ ಬ್ಯಾಡ್ಮಿಂಟನ್ ಚರಿತ್ರೆ ಬರೆಯುವವರು ಅವರನ್ನು ಬಿಟ್ಟು ಮುಂದೆ ಹೋಗುವಂತಿಲ್ಲ.

ಹಾಕಿಯ ಮನೆಯಿಂದ ಷಟಲ್‌ಗೆ

ಅಶ್ವಿನಿ ಹುಟ್ಟಿದ್ದು 1989ರ ಸೆಪ್ಟೆಂಬರ್ 18ರಂದು, ಬೆಂಗಳೂರಿನಲ್ಲಿ. ಮನೆತನ ಕೊಡಗಿನದು. ಕೊಡಗೆಂದರೆ ಹಾಕಿಯ ತವರು. ತಂದೆಯೂ ಹಾಕಿ ಆಟಗಾರರೇ. ಇಂಥ ಮನೆಯಲ್ಲಿ ಮಗಳ ಕೈಗೆ ಹಾಕಿ ಸ್ಟಿಕ್ ಬರುವುದು ಸಹಜವಾಗಿತ್ತು. ಆದರೆ ಅವರು ಹಿಡಿದದ್ದು ರಾಕೆಟ್. ತಂದೆಯ ಆಟವೇ ಮಗಳ ಆಟವೂ ಆಗಬೇಕೆಂಬ ಹಟ ಮನೆಯಲ್ಲಿ ಇರಲಿಲ್ಲ ಎಂಬುದನ್ನು ಪಾಲಕರು ಗಮನಿಸಬೇಕು.

ಬೆಂಗಳೂರಿನಲ್ಲಿ ಷಟಲ್ ಆಟಕ್ಕೆ ಹಳೆಯ ನಂಟಿದೆ. ಪ್ರಕಾಶ್ ಪಡುಕೋಣೆ ಅವರು ಬಾಲಕನಾಗಿ ಆಡಿ ಬೆಳೆದದ್ದು ಮಲ್ಲೇಶ್ವರದ ಕೆನರಾ ಯೂನಿಯನ್ ಸಭಾಂಗಣದಲ್ಲಿ. ಅದು ಮದುವೆಗಳು ನಡೆಯುತ್ತಿದ್ದ ಸಭಾಂಗಣ. ಮದುವೆ ಇದ್ದ ದಿನ ಆಟವಿಲ್ಲ, ಮದುವೆ ಇಲ್ಲದ ದಿನ ಆಟ. ಹಾಗೆ ಕಲಿತವರು 1980ರಲ್ಲಿ ಆಲ್ ಇಂಗ್ಲೆಂಡ್ ಪ್ರಶಸ್ತಿ ಗೆದ್ದರು, 1983ರಲ್ಲಿ ಕೋಪನ್‌ಹೇಗನ್‌ನಲ್ಲಿ ವಿಶ್ವ ಚಾಂಪಿಯನ್‌ಷಿಪ್‌ನ ಕಂಚು ತಂದರು. 1994ರಲ್ಲಿ ಅವರ ಹೆಸರಿನ ಅಕಾಡೆಮಿ ಬೆಂಗಳೂರಿನಲ್ಲಿ ಆರಂಭವಾಯಿತು. ಅಶ್ವಿನಿ ರಾಕೆಟ್ ಹಿಡಿಯುವ ಹೊತ್ತಿಗೆ ಈ ಊರಿನಲ್ಲಿ ಆಟ ಕಲಿಯುವ ವಾತಾವರಣ ಚೆನ್ನಾಗಿಯೇ ಇತ್ತು. ಅವರು ಕಿರಿಯರ ವಿಭಾಗದಲ್ಲಿಯೇ ಡಬಲ್ಸ್ ಪ್ರಶಸ್ತಿಗಳನ್ನು ಗೆಲ್ಲತೊಡಗಿದರು. ಅವರಿಗೆ ಹೆಸರು ತಂದುಕೊಟ್ಟದ್ದು ಅಂಕಣದ ಹಿಂಭಾಗದಿಂದ ಹೊಡೆಯುವ ಬಿರುಸಾದ ಸ್ಮ್ಯಾಷ್.

ಅಂಕಣ ದೊಡ್ಡದು, ಜಾಗ ಚಿಕ್ಕದು

ಡಬಲ್ಸ್ ಆಟದ ಬಗೆಯನ್ನು ಸ್ವಲ್ಪ ತಿಳಿದುಕೊಂಡರೆ ಮುಂದಿನ ಕತೆ ಸುಲಭವಾಗುತ್ತದೆ. ಬ್ಯಾಡ್ಮಿಂಟನ್ ಅಂಕಣದ ಉದ್ದ 44 ಅಡಿ. ಸಿಂಗಲ್ಸ್‌ಗೆ ಅಗಲ 17 ಅಡಿ, ಡಬಲ್ಸ್‌ಗೆ 20 ಅಡಿ. ಅಂದರೆ ಆಟಗಾರರು ಇಮ್ಮಡಿಯಾದರೂ ಅಗಲ ಹೆಚ್ಚುವುದು ಮೂರೇ ಅಡಿ. ಹೀಗಾಗಿ ಎದುರಾಳಿಗೆ ಖಾಲಿ ಜಾಗ ಸಿಗುವುದೇ ಅಪರೂಪ. ಷಟಲ್ ವೇಗವಾಗಿ ಹೋಗಿ ಅಷ್ಟೇ ವೇಗವಾಗಿ ಮರಳುತ್ತದೆ. ಯೋಚಿಸಿ ಹೊಡೆಯಲು ಸಮಯವಿಲ್ಲ. ಯೋಚನೆಯೆಲ್ಲ ಅಭ್ಯಾಸದಲ್ಲಿಯೇ ಮುಗಿದಿರಬೇಕು.

ದಾಳಿ ಮಾಡುವಾಗ ಒಬ್ಬರು ನೆಟ್ ಬಳಿ, ಇನ್ನೊಬ್ಬರು ಅವರ ಹಿಂದೆ ನಿಲ್ಲುತ್ತಾರೆ. ಹಿಂದಿನವರು ಸ್ಮ್ಯಾಷ್ ಹೊಡೆದರೆ, ಎದುರಾಳಿ ಹೇಗೋ ಎತ್ತಿ ಕಳಿಸಿದ್ದನ್ನು ಮುಂದಿನವರು ನೆಟ್ ಬಳಿಯಲ್ಲಿಯೇ ಮುಗಿಸುತ್ತಾರೆ. ರಕ್ಷಣೆಗೆ ಇಳಿದಾಗ ಇಬ್ಬರೂ ಅಕ್ಕಪಕ್ಕ ಬಂದು ಅಂಕಣವನ್ನು ಅರ್ಧರ್ಧ ಹಂಚಿಕೊಳ್ಳುತ್ತಾರೆ. ಈ ಅದಲುಬದಲು ಒಂದೇ ಅಂಕದ ಆಟದಲ್ಲಿ ನಾಲ್ಕಾರು ಬಾರಿ ನಡೆಯಬಹುದು. ಆಗ ‘ನೀನು ಮುಂದೆ ಹೋಗು, ನಾನು ಹಿಂದೆ ಬರುತ್ತೇನೆ’ ಎಂದು ಹೇಳುತ್ತ ನಿಲ್ಲಲಾಗದು. ಜತೆಗಾತಿಯ ಭುಜ ತಿರುಗಿದ್ದು ಕಂಡೊಡನೆ ಕಾಲು ಚಲಿಸಬೇಕು.

ಡಬಲ್ಸ್ ಆಡಿದವರಿಗೆಲ್ಲ ಗೊತ್ತಿರುವ ಇನ್ನೊಂದು ಸಂಗತಿ ಉಂಟು. ಅಕ್ಕಪಕ್ಕ ನಿಂತ ಇಬ್ಬರಿಗೆ ಬಹಳ ಅಪಾಯದ ಜಾಗ ಮೂಲೆಯಲ್ಲ, ಇಬ್ಬರ ನಡುವಿನ ಜಾಗ. ಅಲ್ಲಿಗೆ ಬಂದ ಷಟಲ್ ಅನ್ನು ಅವಳು ಹೊಡೆಯುತ್ತಾಳೆಂದು ಇವಳು, ಇವಳು ಹೊಡೆಯುತ್ತಾಳೆಂದು ಅವಳು ಸುಮ್ಮನಾದರೆ ಅದು ನೆಲ ಸೇರುತ್ತದೆ. ಇಬ್ಬರೂ ಒಟ್ಟಿಗೆ ನುಗ್ಗಿದರೆ ರಾಕೆಟ್‌ಗಳು ತಾಗುತ್ತವೆ. ಯಾವುದು ತನ್ನದು, ಯಾವುದು ಇನ್ನೊಬ್ಬಳದು ಎಂಬ ಒಪ್ಪಂದ ಜಗಳವಿಲ್ಲದೆ ಆಗಿರಬೇಕು. ತಪ್ಪಿದಾಗ ಮುಖ ಗಂಟಿಕ್ಕದೆ ಮುಂದಿನ ಅಂಕಕ್ಕೆ ಸಿದ್ಧರಾಗಬೇಕು. ಎದುರಾಳಿಗಳು ಷಟಲ್‌ನಷ್ಟೇ ಎಚ್ಚರದಿಂದ ಆ ಮುಖಗಳನ್ನೂ ನೋಡುತ್ತಿರುತ್ತಾರೆ.

ಜ್ವಾಲಾ ಜತೆಯ ವರ್ಷಗಳು

ಅಶ್ವಿನಿ ಅವರ ಹೆಸರು ದೇಶಕ್ಕೆಲ್ಲ ತಿಳಿದದ್ದು ಹೈದರಾಬಾದಿನ ಜ್ವಾಲಾ ಗುಟ್ಟಾ ಅವರ ಜತೆಗೂಡಿದ ಮೇಲೆ. ಜ್ವಾಲಾ ಆರು ವರ್ಷ ಹಿರಿಯರು, ಆಗಲೇ ಹೆಸರು ಮಾಡಿದ್ದವರು. ಅವರದು ಎಡಗೈ ಆಟ, ಅಶ್ವಿನಿ ಅವರದು ಬಲಗೈ. ಇಂಥ ಜೋಡಿಗೆ ಒಂದು ಅನುಕೂಲವಿದೆ. ಎಡ–ಬಲ ಎರಡೂ ಬದಿಗಳಲ್ಲಿ ಬಲವಾದ ಹೊಡೆತ ಸಿದ್ಧವಿರುವುದರಿಂದ ಎದುರಾಳಿಗೆ ಎಲ್ಲಿಗೆ ಕಳಿಸಬೇಕೆಂಬುದೇ ಸಮಸ್ಯೆಯಾಗುತ್ತದೆ. ಜ್ವಾಲಾ ನೆಟ್ ಬಳಿ ಚುರುಕು, ಅಶ್ವಿನಿ ಹಿಂದಿನಿಂದ ಬಿರುಸು. ಸ್ವಭಾವದಲ್ಲೂ ಇಬ್ಬರೂ ಬೇರೆ ಬೇರೆ. ಆದರೆ ಅಂಕಣದಲ್ಲಿ ಒಬ್ಬರ ಕೊರತೆಯನ್ನು ಇನ್ನೊಬ್ಬರು ತುಂಬಿದರು.

2010ರ ಅಕ್ಟೋಬರ್ 14ರಂದು ದೆಹಲಿಯ ಸಿರಿ ಫೋರ್ಟ್ ಸಂಕೀರ್ಣದಲ್ಲಿ ಕಾಮನ್‌ವೆಲ್ತ್ ಕ್ರೀಡಾಕೂಟದ ಮಹಿಳೆಯರ ಡಬಲ್ಸ್ ಫೈನಲ್ ನಡೆಯಿತು. ಸಿಂಗಪುರದ ಶಿಂಟಾ ಮುಲಿಯಾ ಸಾರಿ–ಯಾವೊ ಲೀ ಜೋಡಿಯನ್ನು 21–16, 21–19ರಿಂದ ಸೋಲಿಸಿ ಜ್ವಾಲಾ–ಅಶ್ವಿನಿ ಚಿನ್ನ ಗೆದ್ದರು. ಈ ಕ್ರೀಡಾಕೂಟದ ಮಹಿಳೆಯರ ಡಬಲ್ಸ್‌ನಲ್ಲಿ ಭಾರತಕ್ಕೆ ಅದೇ ಮೊದಲ ಚಿನ್ನ. ಅದೇ ದಿನ ಸೈನಾ ನೆಹ್ವಾಲ್ ಸಿಂಗಲ್ಸ್ ಚಿನ್ನ ಗೆದ್ದರು.

ಮರುವರ್ಷ, 2011ರ ಆಗಸ್ಟ್‌ನಲ್ಲಿ ಲಂಡನ್ನಿನಲ್ಲಿ ವಿಶ್ವ ಚಾಂಪಿಯನ್‌ಷಿಪ್. ಜ್ವಾಲಾ–ಅಶ್ವಿನಿ ಸೆಮಿಫೈನಲ್ ತಲುಪಿ, ಚೀನಾದ ತಿಯಾನ್ ಕಿಂಗ್–ಝಾವೊ ಯುನ್‌ಲೀ ಅವರಿಗೆ ಸೋತು ಕಂಚಿನ ಪದಕ ಪಡೆದರು. 1983ರಲ್ಲಿ ಪ್ರಕಾಶ್ ಗೆದ್ದ ಕಂಚಿನ ನಂತರ 28 ವರ್ಷ ಭಾರತಕ್ಕೆ ಈ ಚಾಂಪಿಯನ್‌ಷಿಪ್‌ನಲ್ಲಿ ಪದಕವೇ ಬಂದಿರಲಿಲ್ಲ. ಆ ಬರವನ್ನು ಮುರಿದದ್ದು ಸಿಂಗಲ್ಸ್ ತಾರೆಯರಲ್ಲ, ಒಂದು ಡಬಲ್ಸ್ ಜೋಡಿ. ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಪದಕ ಗೆದ್ದ ಮೊದಲ ಭಾರತೀಯ ಮಹಿಳೆಯರು ಇವರಿಬ್ಬರು. ಸಿಂಧು ಅವರ ಮೊದಲ ಪದಕ ಬಂದದ್ದು 2013ರಲ್ಲಿ, ಸೈನಾ ಅವರದು 2015ರಲ್ಲಿ. ರಸಪ್ರಶ್ನೆಗೆ ತಯಾರಾಗುವ ವಿದ್ಯಾರ್ಥಿಗಳು ಇದನ್ನು ಗುರುತು ಹಾಕಿಕೊಳ್ಳಬಹುದು. 2012ರಲ್ಲಿ ಅಶ್ವಿನಿ ಅವರಿಗೆ ಅರ್ಜುನ ಪ್ರಶಸ್ತಿ ಬಂತು.

ಒಂದೇ ಒಂದು ಅಂಕ

ಅದೇ 2012ರಲ್ಲಿ ಲಂಡನ್ ಒಲಿಂಪಿಕ್ಸ್. ಅಲ್ಲಿ ನಡೆದದ್ದು ಪರೀಕ್ಷೆಯಲ್ಲಿ ಒಂದು ಅಂಕದಿಂದ ದರ್ಜೆ ತಪ್ಪಿಸಿಕೊಂಡ ಎಲ್ಲ ಮಕ್ಕಳಿಗೂ ತಿಳಿದಿರಬೇಕಾದ ಸಂಗತಿ.

ಗುಂಪಿನಲ್ಲಿ ನಾಲ್ಕು ಜೋಡಿಗಳು. ಮೊದಲ ಎರಡು ಸ್ಥಾನ ಪಡೆದವರಿಗೆ ಕ್ವಾರ್ಟರ್‌ಫೈನಲ್ ಅವಕಾಶ. ಜ್ವಾಲಾ–ಅಶ್ವಿನಿ ಮೊದಲ ಪಂದ್ಯದಲ್ಲಿ ಜಪಾನಿನ ಮಿಝುಕಿ ಫುಜಿ–ರೀಕಾ ಕಾಕಿಯಿವಾ ಅವರಿಗೆ ಸೋತರು. ಎರಡನೆಯದರಲ್ಲಿ ಚೈನೀಸ್ ತೈಪೆ ಜೋಡಿಯನ್ನು ಮೂರು ಗೇಮ್‌ಗಳ ಹೋರಾಟದಲ್ಲಿ ಮಣಿಸಿದರು. ಮೂರನೆಯದರಲ್ಲಿ ಸಿಂಗಪುರದವರನ್ನು ನೇರ ಗೇಮ್‌ಗಳಲ್ಲಿ ಸೋಲಿಸಿದರು. ಮೂರರಲ್ಲಿ ಎರಡು ಗೆಲುವು. ಆದರೆ ತೈಪೆ ಜೋಡಿ ಜಪಾನಿನವರನ್ನು ಸೋಲಿಸಿದ್ದರಿಂದ ಮೂರು ಜೋಡಿಗಳೂ ಎರಡೆರಡು ಗೆಲುವಿನಿಂದ ಸಮವಾದವು. ಗೇಮ್‌ಗಳ ಲೆಕ್ಕ ತೆಗೆದರು, ಕೊನೆಗೆ ಅಂಕಗಳ ಲೆಕ್ಕಕ್ಕೆ ಬಂದರು. ಭಾರತದ ಜೋಡಿ ಒಂದೇ ಒಂದು ಅಂಕದ ವ್ಯತ್ಯಾಸದಿಂದ ಹೊರಬಿತ್ತು.

ಜಪಾನ್–ತೈಪೆ ಪಂದ್ಯವನ್ನು ಪರಿಶೀಲಿಸಬೇಕೆಂದು ಭಾರತ ಮನವಿ ಸಲ್ಲಿಸಿತು. ಅದಕ್ಕೆ ಮನ್ನಣೆ ಸಿಗಲಿಲ್ಲ. ಆ ಜಪಾನ್ ಜೋಡಿ ಮುಂದೆ ಫೈನಲ್‌ವರೆಗೂ ಹೋಗಿ ಬೆಳ್ಳಿ ಪದಕ ಗೆದ್ದಿತು. ಫೈನಲ್‌ನಲ್ಲಿ ಅವರನ್ನು ಸೋಲಿಸಿ ಚಿನ್ನ ಪಡೆದವರು ಹಿಂದಿನ ವರ್ಷ ಜ್ವಾಲಾ–ಅಶ್ವಿನಿ ಅವರನ್ನು ಸೆಮಿಫೈನಲ್‌ನಲ್ಲಿ ತಡೆದಿದ್ದ ತಿಯಾನ್–ಝಾವೊ. ಭಾರತದ ಜೋಡಿ ಪದಕಕ್ಕೆ ಎಷ್ಟು ಸಮೀಪದಲ್ಲಿತ್ತು ಎಂಬುದು ಇದರಿಂದ ತಿಳಿಯುತ್ತದೆ.

ಈ ಒಂದು ಅಂಕ ಯಾವುದು ಎಂದು ಹುಡುಕಲು ಹೊರಟರೆ ಅದು ಸಿಗುವುದಿಲ್ಲ. ಮೂರು ಪಂದ್ಯಗಳಲ್ಲಿ ಭಾರತದ ಜೋಡಿ ಎದುರಾಳಿಗಳಿಗೆ ಬಿಟ್ಟುಕೊಟ್ಟ ನೂರಕ್ಕೂ ಹೆಚ್ಚು ಅಂಕಗಳಲ್ಲಿ ಪ್ರತಿಯೊಂದೂ ಆ ಒಂದು ಅಂಕವೇ. ಜ್ವಾಲಾ ನೆಟ್‌ಗೆ ಹೊಡೆದದ್ದೋ, ಅಶ್ವಿನಿ ಹೊರಗೆ ಕಳಿಸಿದ್ದೋ ಎಂದು ಕೇಳುವುದರಲ್ಲಿ ಅರ್ಥವಿಲ್ಲ. ಡಬಲ್ಸ್‌ನಲ್ಲಿ ತಪ್ಪು ಒಬ್ಬರದಾದರೂ ಅಂಕ ಹೋಗುವುದು ಇಬ್ಬರದು. ‘ನಿನ್ನಿಂದಾಗಿ ಸೋತೆವು’ ಎಂಬ ಮಾತು ಒಮ್ಮೆ ಬಾಯಿಂದ ಬಿದ್ದರೆ ಜೋಡಿ ಅಲ್ಲಿಗೆ ಮುಗಿಯಿತು.

ಆ ಒಲಿಂಪಿಕ್ಸ್‌ನಲ್ಲಿ ಮಹಿಳೆಯರ ಡಬಲ್ಸ್ ಇನ್ನೊಂದು ಕಾರಣಕ್ಕೂ ಸುದ್ದಿಯಾಯಿತು. ಮುಂದಿನ ಹಂತದಲ್ಲಿ ಅನುಕೂಲದ ಎದುರಾಳಿ ಸಿಗಲೆಂದು ಬೇಕೆಂದೇ ಸೋಲಲು ಯತ್ನಿಸಿದ ಕಾರಣಕ್ಕೆ ಚೀನಾದ ಒಂದು, ಇಂಡೋನೇಷ್ಯಾದ ಒಂದು, ದಕ್ಷಿಣ ಕೊರಿಯಾದ ಎರಡು ಜೋಡಿಗಳನ್ನು ಕೂಟದಿಂದ ಹೊರಹಾಕಲಾಯಿತು. ಹಾಗೆ ತಲೆತಗ್ಗಿಸಿ ಹೊರನಡೆದವರಲ್ಲಿ ಇಂಡೋನೇಷ್ಯಾದ ಗ್ರೇಸಿಯಾ ಪೊಲಿ ಒಬ್ಬರು. ಆಗ ಅವರಿಗೆ 24 ವರ್ಷ. ಒಂಬತ್ತು ವರ್ಷಗಳ ನಂತರ, 2021ರಲ್ಲಿ ನಡೆದ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಇದೇ ಪೊಲಿ ತಮಗಿಂತ ಹನ್ನೊಂದು ವರ್ಷ ಚಿಕ್ಕವರಾದ ಅಪ್ರಿಯಾನಿ ರಹಾಯು ಜತೆ ಆಡಿ ಚಿನ್ನ ಗೆದ್ದರು. ಮಹಿಳೆಯರ ಡಬಲ್ಸ್‌ನಲ್ಲಿ ಇಂಡೋನೇಷ್ಯಾಕ್ಕೆ ಅದು ಮೊದಲ ಒಲಿಂಪಿಕ್ ಚಿನ್ನ. ಒಂದು ವಯಸ್ಸಿನಲ್ಲಿ ಮಾಡಿದ ತಪ್ಪೇ ಬದುಕಿನ ಕೊನೆಯ ಸಾಲು ಆಗಬೇಕಿಲ್ಲ ಎಂಬುದಕ್ಕೆ ಇದು ಸಾಕ್ಷಿ.

ಕಿರಿಯಳು ಹಿರಿಯಳಾದಾಗ

ಲಂಡನ್ ನಂತರ ಜ್ವಾಲಾ ಕೆಲಕಾಲ ಬಿಡುವು ಪಡೆದರು. 2013ರಲ್ಲಿ ಅಶ್ವಿನಿ ಮಹಾರಾಷ್ಟ್ರದ ಪ್ರದ್ನ್ಯಾ ಗದ್ರೆ ಜತೆ ಆಡಿದರು. ಬಳಿಕ ಹಳೆಯ ಜೋಡಿ ಮತ್ತೆ ಕೂಡಿತು. 2014ರ ಗ್ಲಾಸ್ಗೊ ಕಾಮನ್‌ವೆಲ್ತ್ ಕೂಟದಲ್ಲಿ ಬೆಳ್ಳಿ, ಅದೇ ವರ್ಷ ಏಷ್ಯನ್ ಚಾಂಪಿಯನ್‌ಷಿಪ್‌ನಲ್ಲಿ ಕಂಚು, ಉಬರ್ ಕಪ್‌ನಲ್ಲಿ ಕಂಚು ಗೆದ್ದ ತಂಡದಲ್ಲಿ ಸ್ಥಾನ. 2015ರಲ್ಲಿ ಕೆನಡಾ ಓಪನ್ ಪ್ರಶಸ್ತಿ. ವಿಶ್ವ ಶ್ರೇಯಾಂಕದಲ್ಲಿ ಹತ್ತನೆಯ ಸ್ಥಾನ. ಆದರೆ 2016ರ ರಿಯೊ ಒಲಿಂಪಿಕ್ಸ್‌ನಲ್ಲಿ ಗುಂಪಿನ ಮೂರೂ ಪಂದ್ಯಗಳಲ್ಲಿ ಸೋಲು. ಅಲ್ಲಿ ಇವರನ್ನು ಸೋಲಿಸಿದವರಲ್ಲಿ ಜಪಾನಿನ ಮಿಸಾಕಿ ಮಾತ್ಸುತೊಮೊ–ಅಯಾಕಾ ತಕಾಹಾಶಿ ಜೋಡಿಯೂ ಇತ್ತು. ಶಾಲೆಯ ದಿನಗಳಿಂದಲೇ ಜತೆಯಾಗಿ ಆಡುತ್ತ ಬಂದಿದ್ದ ಆ ಇಬ್ಬರು ರಿಯೊದಲ್ಲಿ ಚಿನ್ನ ಗೆದ್ದರು. ಫೈನಲ್‌ನ ಕೊನೆಯ ಗೇಮ್‌ನಲ್ಲಿ 16–19ರ ಹಿನ್ನಡೆಯಿಂದ ಮೇಲೆದ್ದು ಸತತ ಐದು ಅಂಕ ಗಳಿಸಿದರು. ವರ್ಷಗಟ್ಟಲೆ ಬೆಳೆಸಿದ ಹೊಂದಾಣಿಕೆ ಕೈಹಿಡಿಯುವುದು ಅಂಥ ಗಳಿಗೆಯಲ್ಲಿ.

ರಿಯೊ ನಂತರ ಜ್ವಾಲಾ ಜತೆಗಿನ ಅಧ್ಯಾಯ ಮುಗಿಯಿತು. ಅಶ್ವಿನಿ ಅವರಿಗೆ ಆಗ 27 ವರ್ಷ. ಸಿಂಗಲ್ಸ್ ಆಟಗಾರ್ತಿಗೆ ಸೋಲಿನ ಮರುದಿನ ಅಭ್ಯಾಸಕ್ಕೆ ಇಳಿಯಲು ರಾಕೆಟ್ ಸಾಕು. ಡಬಲ್ಸ್ ಆಟಗಾರ್ತಿಗೆ ಇನ್ನೊಬ್ಬಳು ಬೇಕು. ಹೊಸಬಳ ಕಾಲಿನ ಗತಿ, ಕೋಪ, ಅಂಜಿಕೆ, ಇಷ್ಟದ ಹೊಡೆತ ಎಲ್ಲವನ್ನೂ ಮೊದಲಿನಿಂದ ಕಲಿಯಬೇಕು. ಜೋಡಿಯ ಶ್ರೇಯಾಂಕವೂ ಹೊಸದಾಗಿ ಕೆಳಗಿನಿಂದಲೇ ಆರಂಭವಾಗುತ್ತದೆ. ಅಶ್ವಿನಿ ಇದಕ್ಕೆ ಹಿಂಜರಿಯಲಿಲ್ಲ. ಎನ್. ಸಿಕ್ಕಿ ರೆಡ್ಡಿ ಜತೆಗೂಡಿದರು.

2018ರಲ್ಲಿ ಆಸ್ಟ್ರೇಲಿಯಾದ ಗೋಲ್ಡ್ ಕೋಸ್ಟ್‌ನಲ್ಲಿ ಕಾಮನ್‌ವೆಲ್ತ್ ಕೂಟ. ಮಿಶ್ರ ತಂಡ ವಿಭಾಗದಲ್ಲಿ ಭಾರತ ಮೊದಲ ಬಾರಿಗೆ ಚಿನ್ನ ಗೆದ್ದಿತು. ಮಲೇಷ್ಯಾ ಎದುರಿನ ಫೈನಲ್‌ನ ಮೊದಲ ಪಂದ್ಯವೇ ಮಿಶ್ರ ಡಬಲ್ಸ್. ಅಂಕಣಕ್ಕೆ ಇಳಿದವರು 28ರ ಅಶ್ವಿನಿ ಮತ್ತು 17ರ ಹುಡುಗ ಸಾತ್ವಿಕ್‌ಸಾಯಿರಾಜ್ ರಂಕಿರೆಡ್ಡಿ. ಎದುರಿಗೆ ಎರಡು ವರ್ಷ ಹಿಂದೆ ರಿಯೊದಲ್ಲಿ ಬೆಳ್ಳಿ ಗೆದ್ದಿದ್ದ ಚಾನ್ ಪೆಂಗ್ ಸೂನ್–ಗೊ ಲಿಯು ಯಿಂಗ್. ಮೂರು ಗೇಮ್‌ಗಳಲ್ಲಿ ಅಶ್ವಿನಿ–ಸಾತ್ವಿಕ್ ಗೆದ್ದು ತಂಡಕ್ಕೆ ಆರಂಭದ ಮುನ್ನಡೆ ತಂದುಕೊಟ್ಟರು. ಸಿಕ್ಕಿ ಜತೆ ಮಹಿಳೆಯರ ಡಬಲ್ಸ್ ಕಂಚೂ ಬಂತು. ಅದೇ ಸಾತ್ವಿಕ್ ಮುಂದೆ ಚಿರಾಗ್ ಶೆಟ್ಟಿ ಜತೆಗೂಡಿ 2022ರಲ್ಲಿ ವಿಶ್ವ ಚಾಂಪಿಯನ್‌ಷಿಪ್ ಕಂಚು, 2023ರಲ್ಲಿ ಹಾಂಗ್‌ಝೌ ಏಷ್ಯನ್ ಕ್ರೀಡಾಕೂಟದ ಚಿನ್ನ ಗೆದ್ದು, ವಿಶ್ವದ ಮೊದಲ ಶ್ರೇಯಾಂಕಕ್ಕೇರಿದರು.

2022ರ ಬರ್ಮಿಂಗ್‌ಹ್ಯಾಮ್ ಕೂಟದ ಮಿಶ್ರ ತಂಡದ ಬೆಳ್ಳಿಯನ್ನೂ ಸೇರಿಸಿದರೆ ಅಶ್ವಿನಿ ಅವರ ಕಾಮನ್‌ವೆಲ್ತ್ ಪದಕಗಳು ಆರು: ಎರಡು ಚಿನ್ನ, ಮೂರು ಬೆಳ್ಳಿ, ಒಂದು ಕಂಚು. ಆದರೆ ಟೋಕಿಯೊ ಒಲಿಂಪಿಕ್ಸ್‌ಗೆ ಅವರು ಅರ್ಹತೆ ಪಡೆದಿರಲಿಲ್ಲ. ವಯಸ್ಸು ಮೂವತ್ತು ದಾಟಿತ್ತು. ಇನ್ನು ಸಾಕು ಎಂದಿದ್ದರೆ ಯಾರೂ ತಪ್ಪು ತಿಳಿಯುತ್ತಿರಲಿಲ್ಲ.

2023ರ ಆರಂಭದಲ್ಲಿ ಅವರು ತನಿಷಾ ಕ್ರಾಸ್ತೊ ಜತೆ ಆಡತೊಡಗಿದರು. ತನಿಷಾ ಹುಟ್ಟಿದ್ದು 2003ರಲ್ಲಿ. ಇಬ್ಬರ ನಡುವೆ ಸುಮಾರು ಹದಿನಾಲ್ಕು ವರ್ಷಗಳ ಅಂತರ. ಜ್ವಾಲಾ ಜತೆ ಆಡುವಾಗ ಕಿರಿಯಳಾಗಿದ್ದ ಅಶ್ವಿನಿ ಈಗ ಹಿರಿಯಕ್ಕನ ಸ್ಥಾನದಲ್ಲಿದ್ದರು. ಆ ವರ್ಷ ಫ್ರಾನ್ಸಿನ ನಾಂತ್‌ನಲ್ಲಿ, ಅಬುಧಾಬಿಯಲ್ಲಿ, ಗುವಾಹಟಿಯಲ್ಲಿ ಈ ಜೋಡಿ ಪ್ರಶಸ್ತಿ ಗೆದ್ದಿತು. ಇವು ದೊಡ್ಡ ಹೆಸರಿನ ಪಂದ್ಯಾವಳಿಗಳಲ್ಲ. ವಿಶ್ವ ಪದಕ ಗೆದ್ದವರೊಬ್ಬರು ಮತ್ತೆ ಕೆಳಗಿನ ಮೆಟ್ಟಿಲಿನಿಂದ ಏರಲು ಒಪ್ಪಿದ್ದು ಇಲ್ಲಿ ಮುಖ್ಯ. 2024ರ ಫೆಬ್ರುವರಿಯಲ್ಲಿ ಭಾರತದ ಮಹಿಳೆಯರು ಮೊದಲ ಬಾರಿಗೆ ಏಷ್ಯನ್ ತಂಡ ಚಾಂಪಿಯನ್‌ಷಿಪ್ ಗೆದ್ದಾಗ ಅಶ್ವಿನಿ ಆ ತಂಡದಲ್ಲಿದ್ದರು. ತನಿಷಾ ಜತೆ ಪ್ಯಾರಿಸ್ ಒಲಿಂಪಿಕ್ಸ್‌ಗೂ ಅರ್ಹತೆ ಪಡೆದರು.

ಪ್ಯಾರಿಸ್‌ನಲ್ಲಿ ಗುಂಪಿನ ಮೂರೂ ಪಂದ್ಯಗಳಲ್ಲಿ ಸೋಲು. 2024ರ ಜುಲೈ 30ರಂದು ಕೊನೆಯ ಪಂದ್ಯ ಮುಗಿದ ಮೇಲೆ 34ರ ಅಶ್ವಿನಿ ಕಣ್ಣೀರಿನ ನಡುವೆ ಇದು ತಮ್ಮ ಕೊನೆಯ ಒಲಿಂಪಿಕ್ಸ್ ಎಂದರು. ತನಿಷಾ ಮುಂದೆ ಇನ್ನೂ ದೂರ ಸಾಗಬೇಕಿದೆ ಎಂಬ ಮಾತನ್ನೂ ಸೇರಿಸಿದರು. ಸೋತ ಗಳಿಗೆಯಲ್ಲೂ ಪಕ್ಕದವಳ ನಾಳೆ ನೆನಪಾಗುವುದು ಇಷ್ಟು ವರ್ಷ ಜೋಡಿಯಾಗಿ ಆಡಿದವರಿಗೇ ಸಾಧ್ಯ. ಅದೇ ವರ್ಷ ಡಿಸೆಂಬರ್‌ನಲ್ಲಿ ಇಬ್ಬರೂ ಗುವಾಹಟಿಯಲ್ಲಿ ಮತ್ತೊಮ್ಮೆ ಪ್ರಶಸ್ತಿ ಎತ್ತಿದರು.

ಪಾಲಕರ ಲೆಕ್ಕ

‘ಇಷ್ಟೆಲ್ಲ ಆಡಿ ಕೈಗೆ ಬಂದದ್ದೇನು?’ ಎಂದು ಕೇಳುವ ಪಾಲಕರಿದ್ದಾರೆ. ಕೇಳುವುದು ತಪ್ಪಲ್ಲ. ಮಗಳ ಆಟಕ್ಕೆ ಸಮಯ, ಹಣ ಎರಡನ್ನೂ ತೊಡಗಿಸುವವರು ಅವರೇ. ಉತ್ತರ ಪ್ರಾಮಾಣಿಕವಾಗಿರಬೇಕು. ಡಬಲ್ಸ್‌ನಲ್ಲಿ ಹಣ ಕಡಿಮೆ. ಸೂಪರ್ 300 ದರ್ಜೆಯ ಪಂದ್ಯಾವಳಿಯಲ್ಲಿ ಒಟ್ಟು ಬಹುಮಾನದ ಶೇ. 7.5ರಷ್ಟು ಸಿಂಗಲ್ಸ್ ವಿಜೇತರಿಗೆ ಹೋಗುತ್ತದೆ. ಡಬಲ್ಸ್ ವಿಜೇತರಿಗೆ ಶೇ. 7.9, ಆದರೆ ಅದು ಇಬ್ಬರಿಗೂ ಸೇರಿ. ಹಂಚಿಕೊಂಡರೆ ಒಬ್ಬರಿಗೆ ಬರುವುದು ಅರ್ಧಕ್ಕಿಂತ ತುಸು ಹೆಚ್ಚು. ಹೆಸರೂ ಹೀಗೆಯೇ ಹಂಚಿಹೋಗುತ್ತದೆ. ಒಲಿಂಪಿಕ್ ಪದಕವಿಲ್ಲದವರ ಹೆಸರನ್ನು ಜನ ಬೇಗ ಮರೆಯುತ್ತಾರೆ. ಇವೆಲ್ಲ ನಿಜ.

ಇನ್ನೊಂದು ಬದಿಯ ಲೆಕ್ಕವೂ ನಿಜ. ದೆಹಲಿಯಲ್ಲಿ ಚಿನ್ನ ಗೆದ್ದಾಗ ಅಶ್ವಿನಿ ಅವರಿಗೆ 21 ವರ್ಷ, ಪ್ಯಾರಿಸ್‌ನಲ್ಲಿ ಆಡಿದಾಗ 34. ಈ ನಡುವೆ ಆಟದ ವೇಗ ಬದಲಾಯಿತು, ಎದುರಾಳಿಗಳ ತಲೆಮಾರು ಬದಲಾಯಿತು, ಜತೆಗಾರರು ಬದಲಾದರು. ಪ್ರತಿ ಬಾರಿಯೂ ಅವರ ಜತೆ ಆಡಲು ಒಬ್ಬರು ಸಿದ್ಧರಿದ್ದರು. ಹಿರಿಯಳೊಡನೆ ಕಲಿಯುವವಳಾಗಿ, ಸಮವಯಸ್ಕಳೊಡನೆ ಸರಿಸಮಳಾಗಿ, ಕಿರಿಯಳೊಡನೆ ದಾರಿ ತೋರುವವಳಾಗಿ ಆಡಲು ಬಂದದ್ದರಿಂದಲೇ ಈ ಬದುಕು ಇಷ್ಟು ಉದ್ದವಾಯಿತು. ಸ್ಮ್ಯಾಷ್‌ನ ಬಿರುಸು ವಯಸ್ಸಾದಂತೆ ತಗ್ಗುತ್ತದೆ. ಈ ಗುಣ ತಗ್ಗುವುದಿಲ್ಲ. ಮುಂದೆ ಆಸ್ಪತ್ರೆ, ಕಚೇರಿ, ಮಗ್ಗ, ಹೊಲ ಎಲ್ಲಿ ದುಡಿಯಲು ಹೋದರೂ ಮಕ್ಕಳಿಗೆ ಬೇಕಾಗುವುದು ಇದೇ. ಇಳಕಲ್ಲಿನ ನೇಕಾರರು ಸೀರೆಯ ಒಡಲಿನ ಎಳೆಗೂ ಸೆರಗಿನ ಎಳೆಗೂ ಕುಣಿಕೆ ಹಾಕಿ ಜೋಡಿಸುತ್ತಾರೆ. ಎರಡೂ ಬೇರೆ ಬೇರೆಯಾಗಿಯೇ ಉಳಿದು ಒಂದು ಸೀರೆಯಾಗುತ್ತವೆ. ಒಳ್ಳೆಯ ಜೋಡಿಯೂ ಅಷ್ಟೆ.

ಊರಿನ ಅಂಗಳದಲ್ಲಿ

ತುಳಸಿಗೇರಿಯಂಥ ಊರಿನ ಮಕ್ಕಳಿಗೆ ಒಳಾಂಗಣ ಕ್ರೀಡಾಂಗಣ ದೂರದ ಮಾತು ಎನಿಸಬಹುದು. ಬಯಲಿನಲ್ಲಿ ಗಾಳಿ ಬಿಡುವುದಿಲ್ಲ. ಐದು ಗ್ರಾಂ ತೂಕದ ಗರಿಯ ಷಟಲ್ ಎಲ್ಲಿಗೋ ಹೋಗುತ್ತದೆ. ಆದರೂ ಆರಂಭಕ್ಕೆ ಹಾಕಿಕೊಳ್ಳಬಹುದಾದ ದಾರಿಗಳಿವೆ. ಗಾಳಿ ಕಡಿಮೆ ಇರುವ ಬೆಳಗಿನ ಹೊತ್ತು, ಶಾಲೆಯ ಕಟ್ಟಡದ ಮರೆ, ಸುಣ್ಣದ ಗೆರೆ, ನಡುವೆ ಐದು ಅಡಿ ಎತ್ತರಕ್ಕೆ ಕಟ್ಟಿದ ನೆಟ್, ಬೇಗ ಹಾಳಾಗದ ನೈಲಾನ್ ಷಟಲ್. ಇದರಲ್ಲಿ ಡಬಲ್ಸ್‌ಗೆ ಒಂದು ಲಾಭವೂ ಇದೆ. ಒಂದೇ ಅಂಕಣದಲ್ಲಿ ಇಬ್ಬರ ಬದಲು ನಾಲ್ವರಿಗೆ ಆಟ ಸಿಗುತ್ತದೆ. ಹತ್ತು ಮಕ್ಕಳು ಕಾಯುತ್ತ ಕೂರುವ ಶಾಲೆಯಲ್ಲಿ ಇದು ಸಣ್ಣ ಮಾತಲ್ಲ. ಉಣ್ಣೆಯ ಚೆಂಡಿನ ಬಾಲ್ ಬ್ಯಾಡ್ಮಿಂಟನ್‌ನಲ್ಲಿ ಐದೈದು ಜನ ಒಟ್ಟಿಗೆ ಆಡುವುದನ್ನು ಕಂಡ ಹಳ್ಳಿಗಳಿಗೆ ಹಂಚಿಕೊಂಡು ಆಡುವ ಪಾಠ ಹೊಸದೂ ಅಲ್ಲ.

ಹದಿನೈದು ಅಂಕದ ಗೇಮ್, ಎರಡು ‘ಹ್ಯಾಂಡ್’ ಸರ್ವಿಸ್ ಇದ್ದ ಕಾಲದಲ್ಲಿ ಆಡಿದ ಪಾಲಕರು ಮಕ್ಕಳಿಗೆ ಹೇಳಿಕೊಡುವಾಗ ಒಂದು ವಿಷಯ ನೆನಪಿಡಬೇಕು. 2006ರಿಂದ ಗೇಮ್ 21 ಅಂಕಗಳದು. ಸರ್ವಿಸ್ ಯಾರದೇ ಇರಲಿ, ಪ್ರತಿ ಆಟಕ್ಕೂ ಅಂಕ. ಡಬಲ್ಸ್‌ನಲ್ಲಿ ಎರಡನೆಯ ಸರ್ವಿಸ್ ಈಗ ಇಲ್ಲ. ತಪ್ಪಿದರೆ ತಿದ್ದಿಕೊಳ್ಳಲು ಪಕ್ಕದವರಿಗೆ ಇದ್ದ ಆ ಅವಕಾಶವೂ ಹೋಯಿತು. ಹೀಗಾಗಿ ಒಬ್ಬರ ಎಚ್ಚರದ ಮೇಲೆ ಇನ್ನೊಬ್ಬರ ನಂಬಿಕೆ ಮೊದಲಿಗಿಂತ ಹೆಚ್ಚು ಬೇಕಾಗಿದೆ.

ಶಾಲೆಯಲ್ಲಿ ಆಡಿ ಬಂದ ಮಗುವನ್ನು ‘ಗೆದ್ದೆಯಾ?’ ಎಂದು ಕೇಳುವುದು ಎಲ್ಲ ಮನೆಗಳ ರೂಢಿ. ಅದರ ಜತೆಗೆ ‘ಇವತ್ತು ನಿನ್ನ ಜತೆ ಯಾರು ಆಡಿದರು? ನಾಳೆಯೂ ನಿನ್ನ ಜತೆ ಆಡುತ್ತಾರಂತಾ?’ ಎಂದೂ ಒಮ್ಮೆ ಕೇಳಬಹುದು. ಎರಡನೆಯ ಪ್ರಶ್ನೆಗೆ ‘ಹೂಂ’ ಎಂಬ ಉತ್ತರ ಬಂದರೆ, ಅಂದು ಸೋತಿದ್ದರೂ ಚಿಂತೆಯಿಲ್ಲ.